ಡಾಕ್ಟರ್ ಬ್ಯಾಚ್ ಗ್ರೂಪಲ್ಲಿ ಹೊಕ್ಕುಳಬಳ್ಳಿ ಜಗಳ

ನಾಗರಾಜ, ಆರ್ಥೋ: ⏩ ಗರ್ಭಿಣಿಯರೇ ಎಚ್ಚರ!! 5ನೇ ತಿಂಗಳಲ್ಲೇ ಮಗುವಿನ ತಲೆಗೆ ಸೂಜಿ ಚುಚ್ಚಿ ರಕ್ತ ತೆಗೀತಾರೆ. ಎಲ್ಲಾ ದುಡ್ಡಿಗಾಗಿ!! ಹತ್ತು ಜನಕ್ಕೆ ಕಳಿಸಿ 🙏

ಸುಮಾ: ಯಾರು ಬರೆದಿದ್ದು ಇದನ್ನ?

ನಾಗರಾಜ: ಗೊತ್ತಿಲ್ಲಮ್ಮ, ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಬಂತು. ಹುಷಾರಾಗಿರ್ಲಿ ಅಂತ ಹಾಕ್ದೆ.

ಸುಮಾ: ಎರಡು ಟೆಸ್ಟ್ ಸೇರಿಸಿ ಕಲಸುಮೇಲೋಗರ ಮಾಡಿದಾರೆ. ನೆತ್ತಿಯಿಂದ ತೆಗೆಯೋದು ಹೆರಿಗೆ ನೋವು ಬಂದು, ನೀರು ಒಡೆದ್ಮೇಲೆ. ಸಣ್ಣ ಗೀರು, ನಾಲ್ಕು ಹನಿ. ರಕ್ತದ ಆಮ್ಲತೆ ಅಳೆಯೋ ಪಿಎಚ್ 7.25 ಇದ್ರೆ ಸರಿ, 7.20ಕ್ಕೆ ಇಳಿದ್ರೆ ತಕ್ಷಣ ಹೆರಿಗೆ. 5ನೇ ತಿಂಗಳದ್ದು ಕಾರ್ಡೊಸೆಂಟೆಸಿಸ್, ಹೊಕ್ಕುಳಬಳ್ಳಿಯಿಂದ ರಕ್ತ ತೆಗೆಯೋದು.

ರಂಗನಾಥ್ ಸರ್: ನಮ್ಮ ಕಾಲದಲ್ಲಿ ಹೊಟ್ಟೆ ಮುಟ್ಟಿ ಹೇಳ್ತಿದ್ವಿ. ಈಗ ಎಲ್ಲದಕ್ಕೂ ಸೂಜಿ. ಪ್ರಕೃತಿಗೆ ಬಿಡೋದು ಕಲೀರಿ.

ಸುಮಾ: ಸರ್, ತಾಯಿ ಆರ್‌ಎಚ್ ನೆಗೆಟಿವ್ ಅಂದ್ಕೊಳ್ಳಿ, ಮಗು ರಕ್ತಕಣ ಒಡೆಯೋ ಆಂಟಿಬಾಡಿ ಟೈಟರ್ ಏರ್ತಿದೆ, ಮಗು ಮಿದುಳಿನ ರಕ್ತವೇಗ ನೋಡೋ ಎಂಸಿಎ ಡಾಪ್ಲರ್ 1.5 ಮಾಮ್ (ಆ ವಾರದ ಮಧ್ಯಮ ಮೌಲ್ಯದ ಒಂದೂವರೆ ಪಟ್ಟು) ದಾಟಿದೆ, ಅಂದ್ರೆ ಮಗೂಗೆ ರಕ್ತಹೀನತೆ. ಪ್ರಕೃತಿಗೆ ಬಿಟ್ರೆ ಹೈಡ್ರಾಪ್ಸೇ, ಮಗು ಮೈಯೆಲ್ಲಾ ನೀರು ತುಂಬತ್ತೆ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣದ ಪಾಲು) ಶೇ. 30ಕ್ಕಿಂತ ಕೆಳಗಿದ್ರೆ ಅದೇ ಸೂಜೀಲಿ ಇರ್ರೇಡಿಯೇಟ್ ಮಾಡಿದ, ಅಂದ್ರೆ ವಿಕಿರಣ ಹಾಯಿಸಿದ, ಓ ನೆಗೆಟಿವ್ ರಕ್ತ ಕೊಡ್ತಾರೆ. ಬ್ಯಾಗ್ ಪಕ್ಕದಲ್ಲಿ ಇಟ್ಕೊಂಡೇ ಚುಚ್ಚೋದು.

ಇಕ್ಬಾಲ್, ರೇಡಿಯಾಲಜಿ: 18 ವಾರ ಆಗ್ಬೇಕು, ಅದಕ್ಕೂ ಮುಂಚೆ ರಕ್ತನಾಳ ತೀರಾ ಸಣ್ಣ. 22 ಗೇಜ್ ಸೂಜಿ, ಬಳ್ಳಿ ಮಾಸಿಗೆ ಅಂಟಿರೋ ಬುಡಕ್ಕೇ ಗುರಿ. ತೇಲೋ ಕಡೆ ಹೋದ್ರೆ ಜಾರತ್ತೆ. ವೇನ್ ಬಿಟ್ಟು ಆರ್ಟರಿಗೆ ತಾಗಿದ್ರೆ ನಾಳ ಬಿಗಿದುಕೊಂಡು ಮಗು ಹಾರ್ಟ್‌ರೇಟ್ ಬೀಳತ್ತೆ. ಬಂದಿದ್ದು ಮಗುವಿಂದೇನಾ ಅಂತ ಎಂಸಿವಿ (ಕೆಂಪುಕಣದ ಗಾತ್ರ) ನೋಡು; 100ರ ಮೇಲಿರ್ಬೇಕು. ಇಲ್ಲಾಂದ್ರೆ ತಾಯಿ ರಕ್ತಕ್ಕೆ ರಿಪೋರ್ಟ್ ಬರೀತೀರ.

ಮಂಜು: ಸೂಜಿ ಅಂದಾಗ ನೆನಪಾಯ್ತು, ಹಾಸ್ಟೆಲ್ ಹೋಳೀಲಿ 50 ಎಂಎಲ್ ಸಿರಿಂಜ್!! 😂 ಸುಮಾ ಬಿಳಿ ಕೋಟು!!

ಸುಮಾ: ಆ ಕೋಟಿನ ದುಡ್ಡು ಇನ್ನೂ ಬಂದಿಲ್ಲ.

ನಾಗರಾಜ: ಹಾಗಾದ್ರೆ ರಿಸ್ಕೇ ಇಲ್ವಾ?

ಇಕ್ಬಾಲ್: ಯಾರಂದ್ರು? ಮಗು ಹೋಗೋ ಸಾಧ್ಯತೆ 100ಕ್ಕೆ 1–2, ಹೈಡ್ರಾಪ್ಸ್ ಇದ್ರೆ ಇನ್ನೂ ಜಾಸ್ತಿ. ಚುಚ್ಚಿದ ಜಾಗ ಸೋರೋದು ಸಾಮಾನ್ಯವಾಗಿ ಬೇಗ ನಿಲ್ಲತ್ತೆ. ಪ್ಲೇಟ್‌ಲೆಟ್ ಕಮ್ಮಿ ಇರೋ ಮಗೂಗೆ ನಿಲ್ಲಲ್ಲ, ಅದೇ ಭಯ.

ನಾಗರಾಜ: 2! ನಾನು ಹೇಳಿದ್ದೂ ಅದೇ.

ಸುಮಾ: ನೀನು ಹೇಳಿದ್ದು "ದುಡ್ಡಿಗಾಗಿ". ರೀಯೂನಿಯನ್ ಲೆಕ್ಕ ಕೇಳಿದಾಗ್ಲೂ ಹಿಂಗೇ ಮಾತು ತಿರುಗಿಸಿದ್ದೆ.

ರಂಗನಾಥ್ ಸರ್: ಗ್ರೂಪಿನ ಘನತೆ ಕಾಪಾಡಿ.

ಸುಮಾ: ಸರಿ ಸರ್. ಥಲಸ್ಸೀಮಿಯಾ (ಅನುವಂಶಿಕ ರಕ್ತದ ಕಾಯಿಲೆ) ಪತ್ತೆಗೆ ಬಳ್ಳಿಗೆ ಚುಚ್ಚೋದು ಬೇಕಾಗಲ್ಲ. 11–13 ವಾರಕ್ಕೆ ಸಿವಿಎಸ್ (ಮಾಸಿನ ಚೂರು ತೆಗೆದು ನೋಡೋ ಟೆಸ್ಟ್) ಸಾಕು. ಯಾವುದೇ ಆಗ್ಲಿ, ತಾಯಿಯಿಂದ ಒಪ್ಪಿಗೆ ಪತ್ರ ಫಾರಂ ಜಿಗೆ ಸಹಿ ಇಲ್ದೆ ಸೂಜಿ ಮುಟ್ಟೋ ಹಾಗಿಲ್ಲ.

ಮಂಜು: ಕೋಟಿಗೆ ಎಷ್ಟು, ಹೇಳು, ಫೋನ್‌ಪೇ ಮಾಡ್ತೀನಿ.

ಸುಮಾ: ಬಡ್ಡಿ ಸೇರಿಸು.