ಅಪ್‌ಡೇಟ್: ಕೂಲಿಂಗ್ ರಿಪೇರಿ ಆದ್ಮೇಲೂ ಬಿಸಿಯಾಗ್ತಿದ್ದ ಕಾರು ಸರಿಹೋಯ್ತು

ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರ್‌ಗೆ ದಾರಿ ತೆರೆಯೋ ವಾಲ್ವ್) ಎಲ್ಲಾ ಹೊಸದು ಹಾಕ್ಸಿದ್ರೂ ನಮ್ ಹಳೇ ಪೆಟ್ರೋಲ್ ಕಾರು ಶಿರಾಡಿ ಘಾಟಿ ಹತ್ತೋವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ತಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿರ್ಬಹುದಾ ಅಂತ ಕೇಳಿದ್ನಲ್ಲ, ಗ್ಯಾಸ್ಕೆಟ್ ಅಲ್ಲ, ಕೂಲೆಂಟ್ (ಎಂಜಿನ್ ತಣ್ಣಗಿಡೋ ದ್ರವ) ಹರಿಯೋ ದಾರೀಲಿ ಗಾಳಿ ಸಿಕ್ಕಾಕೊಂಡಿತ್ತು.

ಹೀಟರ್ ಹಾಕಿ ನೋಡಿ ಅಂದವ್ರಿಗೆ ತುಂಬಾ ಥ್ಯಾಂಕ್ಸ್. ಎಂಜಿನ್ ಕುದೀತಿದ್ರೂ ವೆಂಟಿಂದ ತಣ್ಣನೆ ಗಾಳಿನೇ ಬರ್ತಿತ್ತು, ಅಂದ್ರೆ ಬಿಸಿ ಕೂಲೆಂಟ್ ಹೀಟರ್ ತನಕ ತಲುಪ್ತಾನೇ ಇರ್ಲಿಲ್ಲ. ಬೇರೆ ಮೆಕ್ಯಾನಿಕ್ ಹತ್ರ ಹೋದೆ, ಅವ್ರು ಎಂಜಿನ್ ಪೂರ್ತಿ ತಣ್ಣಗಾಗೋ ತನಕ ಕಾದು, ಮುಂಭಾಗ ಮೇಲಕ್ಕೆ ಬರೋ ಹಾಗೆ ಏರಲ್ಲಿ ನಿಲ್ಸಿ, ರೇಡಿಯೇಟರ್ ಕ್ಯಾಪ್ ತೆಗೆದು ಹೀಟರ್ ಫುಲ್ ಬಿಸಿಗಿಟ್ಟು ಸ್ಟಾರ್ಟ್ ಮಾಡಿದ್ರು. ಸ್ವಲ್ಪ ಹೊತ್ತು ಏನೂ ಇಲ್ಲ, 82 ಡಿಗ್ರಿ ಥರ್ಮೋಸ್ಟಾಟ್ ಓಪನ್ ಆಗ್ತಿದ್ದಂಗೆ ಗುಳುಗುಳು ಅಂತ ದೊಡ್ಡ ಗುಳ್ಳೆಗಳು ಎದ್ದು ಕೂಲೆಂಟ್ ಸರ್ರನೆ ಕೆಳಗಿಳೀತು, ಅವ್ರು ಮೇಲಿನ ಹೋಸ್ ಹಿಸುಕ್ತಾ ಟಾಪ್ ಅಪ್ ಮಾಡ್ತಾ ಹೋದ್ರು, ಕೊನೆಗೆ ಗುಳ್ಳೆ ನಿಂತು ವೆಂಟಲ್ಲಿ ಬಿಸಿ ಗಾಳಿ ಬಂತು. ಗ್ಯಾಸ್ಕೆಟ್ ಹೋಗಿದ್ರೆ ಗುಳ್ಳೆ ಬರ್ತಾನೇ ಇರ್ತಿತ್ತು ಅಂದ್ರು, ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಕೂಲೆಂಟ್ ಬೆರೆತು ಹಾಲಿನ ಬಣ್ಣಕ್ಕೆ ತಿರುಗಿಲ್ಲ.

ಹಳೇ ಕ್ಯಾಪ್ ರಬ್ಬರ್ ಬಿರುಕು ಬಿಟ್ಟಿತ್ತು, ಅದನ್ನೂ ಬದಲಾಯ್ಸಿದ್ವಿ, ಪ್ರೆಷರ್ ನಿಲ್ದಿದ್ರೆ ಕೂಲೆಂಟ್ ಬೇಗ ಕುದಿಯುತ್ತೆ (ಬಿಸಿ ಇದ್ದಾಗ ಮಾತ್ರ ದಯವಿಟ್ಟು ಕ್ಯಾಪ್ ಮುಟ್ಬೇಡಿ, ಮುಖಕ್ಕೇ ಹಾರುತ್ತೆ). ಮೊದಲಿನ ಗ್ಯಾರೇಜವ್ರು ಇಷ್ಟೆಲ್ಲ ಪಾರ್ಟ್ ಹಾಕಿ ಗಾಳಿ ತೆಗೆಯೋದನ್ನೇ ಬಿಟ್ಟಿದ್ದು ನಂಗೆ ನಿಜಕ್ಕೂ ಬೇಜಾರು.

ಮೊನ್ನೆ ಅದೇ ಶಿರಾಡಿ ಘಾಟೀಲಿ ಗುಂಡ್ಯದಿಂದ ಸಕಲೇಶಪುರಕ್ಕೆ ಎಸಿ ಹಾಕ್ಕೊಂಡೇ ಹತ್ತಿದ್ವಿ, ಮುಳ್ಳು ಅರ್ಧ ದಾಟ್ಲಿಲ್ಲ, ಬೆಳಗ್ಗೆ ನೋಡಿದ್ರೆ ಕೂಲೆಂಟ್ ಲೆವೆಲ್ಲೂ ಇಳಿದಿಲ್ಲ.