ಪದಚರ್ಚೆ: ಕ್ರೋಶಾ ಬುಟ್ಟಿ ‘ಹೆಣೆಯುವುದೋ’, ‘ಹಾಕುವುದೋ’? ‘ಸ್ಟಿಚ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ತುಮಕೂರಿನಲ್ಲಿ ನಮ್ಮ ಬಡಾವಣೆಯ ಹೆಂಗಸರು ಸೇರಿಕೊಂಡು ಕ್ರೋಶಾ ಬುಟ್ಟಿ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಕಡ್ಡಿ ಹಿಡಿದು ದಾರದಿಂದ ಮಾಡುವ ಬುಟ್ಟಿ, ಕಲಿಯುತ್ತಿದ್ದಾರೆ. ಈರುಳ್ಳಿ ಬೆಳ್ಳುಳ್ಳಿ ಹಾಕಿಡುವುದಕ್ಕೆ, ಮಕ್ಕಳ ಆಟದ ಸಾಮಾನು ತುಂಬುವುದಕ್ಕೆ, ರಿಮೋಟು, ಚಾರ್ಜರು, ಕನ್ನಡಕ ಎಲ್ಲ ಒಂದೇ ಕಡೆ ಸಿಗುವ ಹಾಗೆ ಇಡುವುದಕ್ಕೆ ಈ ಬುಟ್ಟಿಗಳು. ಹೇಳಿಕೊಟ್ಟಿದ್ದು ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗುತ್ತದೆ, ಕನ್ನಡದಲ್ಲಿ ಎರಡು ಹಾಳೆ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ಬರೆಯಲು ಕೂತರೆ ಸಾಲುಸಾಲಿಗೂ ಪದದ ತಕರಾರು. ಕೆಲವಕ್ಕೆ ನನ್ನದೇ ಒಂದು ನಿಲುವಿದೆ, ಹೇಳುತ್ತೇನೆ. ಇನ್ನು ಕೆಲವಕ್ಕೆ ನಿಮ್ಮ ಊರಿನ ಮಾತು ಬೇಕು.

ಮೊದಲು ಹೆಸರು. ಸುಮ್ನೆ ಒಂದು ಅನುವಾದದ ಆ್ಯಪಿಗೆ ಹಾಕಿ ನೋಡಿದೆ. ‘ಶೇಖರಣಾ ಬುಟ್ಟಿಗಳನ್ನು ಕ್ರೋಚೆಟ್ ಮಾಡುವುದು’ ಎಂದು ಬಂತು. ‘ಆ ಶೇಖರಣಾ ಬುಟ್ಟಿ ತಗೊಂಡ್ ಬಾ’ ಎಂದು ಯಾವ ಮನೆಯಲ್ಲಿ ಹೇಳುತ್ತಾರೆ? ಸಾಮಾನು ಹಾಕಿಡೋ ಬುಟ್ಟಿ ಎಂದರೆ ಮುಗಿಯಿತು. ಅದೂ ಯಾಕೆ, ಬುಟ್ಟಿ ಇರುವುದೇ ಏನಾದರೂ ಹಾಕಿಡುವುದಕ್ಕೆ ಅಲ್ವಾ? ಇನ್ನು ‘ಕ್ರೋಚೆಟ್’ ಅನ್ನುವುದು ಅಕ್ಷರ ನೋಡಿ ಓದಿದ್ದು. ಅದು ಫ್ರೆಂಚ್ ಪದ, ಕೊನೆಯ ‘ಟ್’ ಬಾಯಲ್ಲಿ ಬರುವುದಿಲ್ಲ. ನಮ್ಮ ಹೆಂಗಸರು ಸರಿಯಾಗಿಯೇ ‘ಕ್ರೋಶಾ’ ಅನ್ನುತ್ತಾರೆ. ರೇಷ್ಮೆ ಸೀರೆಯ ಸೆರಗಿಗೆ ಹಾಕಿಸುವ ‘ಕ್ರೋಶಾ ಕುಚ್ಚು’ ಆ ಪದವನ್ನು ಮನೆಮನೆಗೂ ತಂದಿದೆ. ಬರೆಯುವಾಗ ಕೆಲವರು ‘ಕ್ರೋಶ’ ಎಂದು ಮೊಟಕು ಮಾಡುತ್ತಾರೆ. ಅದು ದೂರ ಅಳೆಯುವ ಹಳೇ ಸಂಸ್ಕೃತ ಪದ. ಕೊನೆಗೆ ದೀರ್ಘ ಇಟ್ಟು ‘ಕ್ರೋಶಾ’ ಎಂದೇ ಬರೆದರೆ ಗೊಂದಲ ಇಲ್ಲ.

ಕನ್ನಡದ್ದೇ ಪದ ಬೇಕು ಎನ್ನುವವರು ‘ಕೊಕ್ಕೆ ಹೆಣಿಗೆ’ ಅನ್ನಬಹುದು. ಅರ್ಥಕ್ಕೆ ಅದು ಸರಿಯಾಗಿದೆ. ಫ್ರೆಂಚಿನಲ್ಲಿ ಆ ಪದಕ್ಕೆ ಚಿಕ್ಕ ಕೊಕ್ಕೆ ಎಂದೇ ಅರ್ಥ, ಹತಾರದ ಹೆಸರನ್ನೇ ಕೆಲಸಕ್ಕೆ ಇಟ್ಟಿದ್ದಾರೆ. ಆದರೆ ನಮ್ಮ ಕೊಕ್ಕೆಗೆ ಬೇರೆ ವಾಸನೆ ಅಂಟಿಕೊಂಡಿದೆ. ಫೈಲಿಗೆ ಕೊಕ್ಕೆ ಹಾಕಿದರು ಎಂದರೆ ಅಡ್ಡಗಾಲು ಹಾಕಿದರು ಎಂದು. ಕೊಕ್ಕೆಹುಳು ಬೇರೆ ಇದೆ. ‘ನಮ್ಮತ್ತೆ ಬೆಳಗ್ಗೆಯಿಂದ ಕೊಕ್ಕೆ ಹಾಕ್ತಾ ಕೂತಿದ್ದಾರೆ’ ಎಂದು ಒಬ್ಬ ಸೊಸೆ ಹೇಳಿದರೆ ಕೇಳಿದವರು ಏನು ತಿಳಿದುಕೊಳ್ಳುತ್ತಾರೆ ಹೇಳಿ! ಹಾಗಾಗಿ ಕೆಲಸಕ್ಕೆ ‘ಕ್ರೋಶಾ’ ಇರಲಿ. ಕೈಯಲ್ಲಿ ಹಿಡಿಯುವುದಕ್ಕೆ ಮಾತ್ರ ‘ಕೊಕ್ಕೆಕಡ್ಡಿ’ ಎಂದು ಬರೆಯುವ ಮನಸ್ಸು. ಹುಣಸೆಕಾಯಿ ಕೀಳುವ ದೋಟಿಯ ತುದಿಯ ಕೊಕ್ಕೆ ಇಲ್ಲಿ ಎಲ್ಲರಿಗೂ ಗೊತ್ತು. ‘ಕ್ರೋಶಾ ಸೂಜಿ’ ಎಂದೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೂಜಿ ಎಂದರೆ ಕಣ್ಣಿರಬೇಕು, ದಾರ ಪೋಣಿಸಬೇಕು. ಇದಕ್ಕೆ ಕಣ್ಣೇ ಇಲ್ಲ. ಬುಟ್ಟಿ ಮುಗಿದ ಮೇಲೆ ಉಳಿದ ತುದಿಯನ್ನು ಒಳಗೆ ಸೇರಿಸಲು ನಿಜವಾದ ಸೂಜಿ ಬೇರೆ ಬೇಕು. ದಪ್ಪ ದಾರವಾದರೆ ದಬ್ಬಳವೇ ಬೇಕು. ಎರಡನ್ನೂ ಸೂಜಿ ಎಂದರೆ ಕಲಿಯುವವರು ಯಾವುದನ್ನು ಎತ್ತಿಕೊಳ್ಳಬೇಕು?

ಈಗ ಮುಖ್ಯ ಪ್ರಶ್ನೆ, ಕ್ರಿಯಾಪದ. ನೇಯುವುದೋ, ಹೆಣೆಯುವುದೋ, ಕಟ್ಟುವುದೋ, ಹಾಕುವುದೋ?

‘ನೇಯಿ’ಯನ್ನು ಮೊದಲೇ ಬಿಟ್ಟುಬಿಡುತ್ತೇನೆ. ನೇಯಲು ಹಾಸು ಬೇಕು, ಹೊಕ್ಕು ಬೇಕು. ಉದ್ದಕ್ಕೆ ಒಂದಷ್ಟು ದಾರ, ಅಡ್ಡಕ್ಕೆ ಒಂದಷ್ಟು. ಕ್ರೋಶಾದಲ್ಲಿ ಇರುವುದು ಒಂದೇ ದಾರ. ಆ ದಾರದಲ್ಲಿ ಒಂದು ಕುಣಿಕೆ ಮಾಡಿ, ಅದರೊಳಗಿಂದ ಇನ್ನೊಂದು ಕುಣಿಕೆ ಎಳೆದು, ಅದರೊಳಗಿಂದ ಮತ್ತೊಂದು. ಕೊನೆಯ ಕುಣಿಕೆಯನ್ನು ಬಿಗಿಮಾಡದೆ ದಾರದ ತುದಿ ಎಳೆದರೆ ಇಡೀ ಬುಟ್ಟಿ ಬಿಚ್ಚಿಕೊಂಡು ಮತ್ತೆ ಉಂಡೆಯಾಗುತ್ತದೆ. ಮಗ್ಗದ ಬಟ್ಟೆ ಹಾಗೆ ಬಿಚ್ಚುವುದಿಲ್ಲ. ಪತ್ರಿಕೆಗಳಲ್ಲಿ ಸ್ವೆಟರಿಗೂ ‘ನೇಯ್ದ’ ಎಂದು ಬರೆಯುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಕಿರಿಕಿರಿ.

‘ಹೆಣೆ’ ಹಳೆಯ ಪದ. ಪಾಲು ಹಾಲಾದಂತೆ ಹಳಗನ್ನಡದ ‘ಪೆಣೆ’ಯೇ ‘ಹೆಣೆ’ ಆಗಿದೆ. ನಮ್ಮ ಕಡೆ ತೆಂಗಿನ ಗರಿ ಹೆಣೆಯುತ್ತಾರೆ, ಚಾಪೆ ಹೆಣೆಯುತ್ತಾರೆ, ಬಿದಿರ ಬುಟ್ಟಿ ಹೆಣೆಯುತ್ತಾರೆ. ಸುಮ್ಮನಿರಲಾರದವರು ಸಂಚನ್ನೂ ಹೆಣೆಯುತ್ತಾರೆ. ಕಟ್ಟುನಿಟ್ಟಾಗಿ ನೋಡಿದರೆ ಇಲ್ಲೆಲ್ಲ ಹಲವು ಎಳೆಗಳು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯುತ್ತವೆ. ಕ್ರೋಶಾ ಹಾಗಲ್ಲ. ಆದರೂ ಬುಟ್ಟಿಗೆ ‘ಹೆಣೆ’ ಎಷ್ಟೋ ಕಾಲದಿಂದ ಕೂಡಿಕೊಂಡು ಬಂದಿದೆ. ‘ಬುಟ್ಟಿ ಹೆಣೆಯಿರಿ’ ಎಂದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆಡುಮಾತಿನಲ್ಲಿ ಗೆದ್ದಿರುವುದು ‘ಹಾಕು’. ಕುಚ್ಚು ಹಾಕುತ್ತಾರೆ, ಸ್ವೆಟರ್ ಹಾಕುತ್ತಾರೆ, ಹಿಂದೆ ಪ್ಲಾಸ್ಟಿಕ್ ವೈರ್ ಬುಟ್ಟಿಯನ್ನೂ ಹಾಕುತ್ತಿದ್ದರು. ತರಗತಿಯಲ್ಲಿ ‘ನಿಮ್ದು ಎಷ್ಟು ಸುತ್ತು ಹಾಕಾಯ್ತು?’ ಎಂದೇ ಕೇಳುತ್ತಾರೆ. ಇದರ ಒಂದೇ ತೊಡಕು ಎಂದರೆ ‘ಹಾಕು’ ಎಲ್ಲಕ್ಕೂ ಬರುತ್ತದೆ. ಅಕ್ಕ ಸ್ವೆಟರ್ ಹಾಕಿದಳು ಎಂದರೆ ತೊಟ್ಟಳೋ, ಮಾಡಿದಳೋ? ‘ಬುಟ್ಟಿಗೆ ಹಾಕಿ’ ಎಂದರೆ ಒಳಗೆ ಈರುಳ್ಳಿ ಹಾಕಬೇಕೋ, ಇನ್ನೊಂದು ಸುತ್ತು ಹಾಕಬೇಕೋ? ನನ್ನ ಸದ್ಯದ ಯೋಚನೆ ಹೀಗಿದೆ. ಇಡೀ ಬುಟ್ಟಿಗೆ ‘ಹೆಣೆ’, ಒಂದೊಂದು ಕುಣಿಕೆಗೆ, ಒಂದೊಂದು ಸುತ್ತಿಗೆ ‘ಹಾಕು’. ಇದರಲ್ಲಿ ತೊಂದರೆ ಕಾಣುವವರು ಹೇಳಿ.

ಮೇಲೆ ‘ಕುಣಿಕೆ’ ಎಂದು ಬರೆದೆನಲ್ಲ, ಅದೇ ‘ಸ್ಟಿಚ್’ಗೆ ನನ್ನ ಆಯ್ಕೆ. ಎಲ್ಲರೂ ಮೊದಲು ಹೇಳುವುದು ‘ಹೊಲಿಗೆ’. ಇಲ್ಲಿ ಹೊಲಿಯುವುದೇ ಇಲ್ಲವಲ್ಲ! ಬಟ್ಟೆಯಿಲ್ಲ, ಚುಚ್ಚುವುದಿಲ್ಲ. ಕಸೂತಿಯ ‘ಸರಪಳಿ ಹೊಲಿಗೆ’ ಬೇರೆ, ಕ್ರೋಶಾದ ಸರಪಳಿ ಬೇರೆ. ಇಲ್ಲಿಯದಕ್ಕೆ ‘ಸರಪಳಿ’ ಎಂದಷ್ಟೇ ಬರೆದರೆ ಸಾಕು. ಬಾಯಲ್ಲಿ ‘ಚೈನು’ ಎಂದರೂ ಸರಿ.

ಶುರುವಿನಲ್ಲಿ ಹಾಕುವ ಒಂದು ಬಳೆ ಇದೆ. ಅದರೊಳಗೆ ಮೊದಲ ಕುಣಿಕೆಗಳನ್ನೆಲ್ಲ ಹಾಕಿ, ಆಮೇಲೆ ದಾರದ ತುದಿ ಎಳೆದರೆ ನಡುವಿನ ತೂತು ಮುಚ್ಚಿಕೊಳ್ಳುತ್ತದೆ. ಇಂಗ್ಲಿಷಿನವರು ಅದಕ್ಕೆ ಮಾಯೆಯ ಉಂಗುರ ಎಂದು ಹೆಸರಿಟ್ಟಿದ್ದಾರೆ. ‘ಮಾಯಾ ಉಂಗುರ’ ಎಂದು ಬರೆದರೆ ಚಂದಮಾಮದ ಕಥೆಯಾಗುತ್ತದೆ. ಬಾವಿಗೆ ಕೊಡ ಇಳಿಸುವಾಗ ಅದರ ಕಂಠಕ್ಕೆ ಹಾಕುತ್ತಿದ್ದ, ಎಳೆದಷ್ಟೂ ಬಿಗಿಯಾಗುವ ಗಂಟಿಗೆ ನಮ್ಮಲ್ಲಿ ‘ಜೀರುಕುಣಿಕೆ’ ಎಂಬ ಹೆಸರಿದೆ. ಆ ಪದವೇ ಇದಕ್ಕೆ ಆಗಬೇಕು ಎಂದು ನನಗೆ ಆಸೆ. ತೊಡಕು ಏನೆಂದರೆ, ಸರಪಳಿ ಹಾಕುವ ಮೊದಲು ಕಡ್ಡಿಗೆ ಏರಿಸುವ ಮೊದಲ ಗಂಟೂ ಜೀರುಕುಣಿಕೆಯೇ. ಎರಡಕ್ಕೂ ಒಂದೇ ಹೆಸರು ಬೇಡ. ಬಳೆಗೆ ‘ಜೀರುಬಳೆ’ ಎಂದರೆ ಕಿವಿಗೆ ಹೇಗಿದೆ?

ತಳದ ಲೆಕ್ಕ ಬಹಳ ಸರಳ, ಅದನ್ನು ಬರೆಯುವ ಮಾತೇ ಕಷ್ಟ. ಗಿಡ್ಡ ಕುಣಿಕೆಯಾದರೆ (ಅದೇನೆಂದು ಮುಂದೆ ಹೇಳುತ್ತೇನೆ) ಮೊದಲ ಸುತ್ತಿಗೆ 6. ಆಮೇಲೆ ಸುತ್ತಿಗೆ ಆರಾರು ಜಾಸ್ತಿ ಆಗುತ್ತಾ ಹೋಗಬೇಕು: 12, 18, 24. ಹತ್ತನೇ ಸುತ್ತಿಗೆ 60. ಹೀಗೆ ಹೋದರೆ ತಳ ತಟ್ಟೆಯಷ್ಟು ಸಪಾಟು ಬರುತ್ತದೆ. ಜಾಸ್ತಿ ಮಾಡುವುದನ್ನು ನಿಲ್ಲಿಸಿದ ಸುತ್ತಿನಿಂದ ಬುಟ್ಟಿ ಮೇಲೇಳುತ್ತದೆ. ಈ ಜಾಸ್ತಿ ಮಾಡುವುದಕ್ಕೆ ‘ಹೆಚ್ಚಿಸಿ’ ಎಂದು ಬರೆಯಬಹುದು. ಅದೇ ಅಚ್ಚಿನಲ್ಲಿ ಒಂದಕ್ಷರ ಬಿದ್ದುಹೋಗಿ ‘ಆರು ಕುಣಿಕೆ ಹೆಚ್ಚಿ’ ಎಂದಾದರೆ ನಮ್ಮ ಕಡೆಯವರು ಈಳಿಗೆ ಮಣೆ ತರುತ್ತಾರೆ. ಅದರ ಬದಲು ‘ಒಂದೇ ಕುಣಿಕೆಗೆ ಜೋಡಿ ಹಾಕಿ’ ಎಂದು ಬರೆದಿದ್ದೇನೆ. ಮಾಡಬೇಕಾದ ಕೆಲಸವೇ ಅದು, ಒಂದರ ಮೇಲೆ ಎರಡು. ಜೋಡಿ ಕಡಿಮೆಯಾದರೆ ತಳ ಬಟ್ಟಲಾಗಿ ಮೇಲಕ್ಕೆ ಮಡಚುತ್ತದೆ. ಜಾಸ್ತಿಯಾದರೆ ಅಂಚು ಅಲೆ ಅಲೆಯಾಗುತ್ತದೆ. ಇದಕ್ಕೆ ತರಗತಿಯಲ್ಲಿ ಒಬ್ಬ ಅಜ್ಜಿ ‘ನಿರಿಗೆ ಬಿತ್ತಲ್ಲೇ’ ಎಂದರು. ಅಷ್ಟೇ, ಆ ಸಾಲು ಹಾಗೇ ಹಾಳೆಗೆ ಹೋಯಿತು. ದಿನಾ ಸೀರೆ ಉಡುವವರಿಗೆ ನಿರಿಗೆಯ ಬಗ್ಗೆ ನಾನೇನು ಹೇಳಲಿ?

‘ಗಿಡ್ಡ ಕುಣಿಕೆ’ ಎಂದು ಯಾಕೆ ಬರೆದೆ ಎಂದರೆ, ಇಂಗ್ಲಿಷಿನ ಹೆಸರುಗಳನ್ನು ಹಾಗೇ ತಂದರೆ ಕೆಡುತ್ತದೆ. ಅಮೆರಿಕದವರು ‘ಸಿಂಗಲ್ ಕ್ರೋಶಾ’ ಅನ್ನುವುದನ್ನೇ ಬ್ರಿಟನ್ನಿನವರು ‘ಡಬಲ್ ಕ್ರೋಶಾ’ ಅನ್ನುತ್ತಾರೆ. ಅಮೆರಿಕದ ‘ಡಬಲ್’ ಬ್ರಿಟನ್ನಿನಲ್ಲಿ ‘ಟ್ರೆಬಲ್’. ಎರಡೂ ಕಡೆಯ ವಿಡಿಯೋ ನೋಡಿ ಕಲಿತವರು ಪಕ್ಕಪಕ್ಕ ಕೂತು, ಒಂದೇ ಮಾತು ಕೇಳಿಸಿಕೊಂಡು, ಬೇರೆ ಬೇರೆ ಎತ್ತರದ ಬುಟ್ಟಿ ಮಾಡುತ್ತಾರೆ. ಇಲ್ಲಿ ನಮ್ಮದೇ ಪದ ಇದ್ದರೆ ನಿಜವಾಗಿ ಉಪಯೋಗ ಇದೆ. ಕಡ್ಡಿ ತೂರಿಸಿ, ದಾರ ಎಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆಯನ್ನೂ ಒಂದೇ ಸಲಕ್ಕೆ ದಾಟಿಸಿದರೆ ಗಿಡ್ಡ. ತೂರಿಸುವ ಮೊದಲೇ ಕಡ್ಡಿಗೆ ಒಂದು ಸುತ್ತು ದಾರ ಸುತ್ತಿಕೊಂಡು, ಆಮೇಲೆ ಎರಡೆರಡರಂತೆ ಎರಡು ಸಲ ದಾಟಿಸಿದರೆ ಉದ್ದ. ಬುಟ್ಟಿಗೆ ಗಿಡ್ಡವೇ ಒಳ್ಳೆಯದು. ಉದ್ದದಲ್ಲಿ ಸಂದು ಜಾಸ್ತಿ, ಬುಟ್ಟಿ ಜೋಲುತ್ತದೆ. ಸುತ್ತಿನ ಕೊನೆಯನ್ನು ಮೊದಲಿಗೆ ಸೇರಿಸುವ ಪುಟ್ಟ ಕುಣಿಕೆಗೆ ಕುಚ್ಚಿನವರು ‘ಲಾಕ್ ಮಾಡಿ’ ಅನ್ನುತ್ತಾರೆ. ‘ಲಾಕ್’ ಇರಲಿ ಬಿಡಿ. ಅದಕ್ಕೂ ಕನ್ನಡ ಹುಡುಕಿ ಜನರನ್ನು ಗೋಳುಹೊಯ್ದುಕೊಳ್ಳುವುದು ಬೇಡ.

ಈ ಸುತ್ತಿನಲ್ಲೂ ಎರಡು ಜಾತಿ ಇದೆ. ಪ್ರತಿ ಸುತ್ತನ್ನೂ ಲಾಕ್ ಮಾಡಿ ಮುಗಿಸುವುದು ಒಂದು. ಲಾಕ್ ಮಾಡದೆ ಒಂದರ ಮೇಲೊಂದು ಏರಿಸಿಕೊಂಡು ಹೋಗುವುದು ಇನ್ನೊಂದು. ಎರಡನೆಯದರಲ್ಲಿ ಸುತ್ತು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ, ಗುರುತಿಗೆ ಒಂದು ಪಿನ್ನು ಸಿಕ್ಕಿಸಿಕೊಳ್ಳಬೇಕು. ಇದಕ್ಕೆ ‘ಸಿಂಬಿ ಸುತ್ತು’ ಎಂದು ಬರೆದಿದ್ದೇನೆ. ತಲೆಯ ಮೇಲೆ ಕೊಡ ಹೊರುವಾಗ ಕೆಳಗೆ ಇಟ್ಟುಕೊಳ್ಳುವ ಸಿಂಬಿ, ಹಾವು ಸುತ್ತಿಕೊಂಡು ಮಲಗುವ ಸಿಂಬಿ. ಲಾಕ್ ಮಾಡುವುದಕ್ಕೆ ‘ಬಳೆ ಸುತ್ತು’. ಇವೆರಡೂ ನಾನೇ ಕಟ್ಟಿದ್ದು. ಇದಕ್ಕಿಂತ ಒಳ್ಳೆಯದು ಶಿಡ್ಲಘಟ್ಟ, ಚಿಂತಾಮಣಿ ಕಡೆಯವರ ಹತ್ತಿರ ಇರಬಹುದು. ರೇಷ್ಮೆಹುಳು ಗೂಡು ಕಟ್ಟುವ ಚಂದ್ರಂಕಿಯಲ್ಲಿ ತಟ್ಟಿಯ ಮೇಲೆ ನಡುವಿನಿಂದ ಅಂಚಿನವರೆಗೆ ಸುರುಳಿಯಾಗಿ ಹೋಗುವ ಬಿದಿರ ಪಟ್ಟಿ ಇರುತ್ತದಲ್ಲ, ಅದಕ್ಕೆ ನೀವು ಏನನ್ನುತ್ತೀರಿ? ಆ ಪದ ಇಲ್ಲಿಗೆ ಸರಿಯಾಗಿ ಕೂರಬಹುದು.

‘ಎಳೆ’ ಪದ ನನ್ನನ್ನು ಬಹಳ ಸತಾಯಿಸಿತು. ತಳ ಮುಗಿದು ಬುಟ್ಟಿ ಏಳುವ ಕಡೆ ಒಂದು ಸುತ್ತನ್ನು ಕುಣಿಕೆಯ ಹಿಂದಿನ ಎಳೆಗೆ ಮಾತ್ರ ಹಾಕಬೇಕು. ಆಗ ಅಲ್ಲೊಂದು ಗೆರೆ ಬಿದ್ದು ಚೆನ್ನಾಗಿ ಮಡಿಕೆ ಬರುತ್ತದೆ. ಅದನ್ನು ಬರೆದರೆ ‘ಹಿಂದಿನ ಎಳೆಯಿಂದ ದಾರ ಎಳೆಯಿರಿ’ ಎಂದಾಯಿತು. ದಾರ ತೆಳುವಾಗಿದ್ದರೆ ‘ಎರಡೆಳೆ ಸೇರಿಸಿ ಎಳೆಯಿರಿ’. ಎಳೆ ಸೌತೆಕಾಯಿ ಒಂದು ಬಾಕಿ. ಕೊನೆಗೆ ಕೆಲಸಕ್ಕೆ ‘ಈಚೆಗೆ ತನ್ನಿ’ ಎಂದು ಬದಲಾಯಿಸಿದೆ. ದಾರದ ಹೆಸರುಗಳಲ್ಲಿ ಜಗಳ ಕಡಿಮೆ. ಮಂಡಿಪೇಟೆಯಲ್ಲಿ ಗೋಣಿದಾರ, ಸೆಣಬಿನ ಹುರಿ ಎಂದರೆ ಸಾಕು, ಕೊಡುತ್ತಾರೆ. ಹಳೇ ಬನಿಯನ್, ಟೀ ಶರ್ಟ್ ಕತ್ತರಿಸಿ ಮಾಡಿಕೊಳ್ಳುವ ದಪ್ಪ ದಾರಕ್ಕೆ ‘ಬನಿಯನ್ ಪಟ್ಟಿ’ ಎಂಬ ಹೆಸರು ತರಗತಿಯಲ್ಲೇ ಹುಟ್ಟಿದೆ, ಚೆನ್ನಾಗಿದೆ.

ಇನ್ನು ಬುಟ್ಟಿ ಎಂಬ ಪದವೇ ಸರಿಯೇ ಎಂದು ಒಬ್ಬರು ತಕರಾರು ತೆಗೆದರು. ಮೆತ್ತಗಿರುವುದು ಚೀಲ, ಗಟ್ಟಿ ಇರುವುದು ಬುಟ್ಟಿ ಎಂಬುದು ಅವರ ವಾದ. ನನ್ನ ಲೆಕ್ಕ ಬೇರೆ. ಖಾಲಿ ಇದ್ದಾಗ ತಾನಾಗಿ ನಿಂತರೆ ಬುಟ್ಟಿ, ಮಲಗಿದರೆ ಚೀಲ. ಬಿಗಿಯಾಗಿ ಹಾಕಿದ ಗೋಣಿದಾರದ್ದು ನಿಲ್ಲುತ್ತದೆ. ಉಲ್ಲನ್ನಿನದು ಮಲಗುತ್ತದೆ, ಅದನ್ನು ಧಾರಾಳವಾಗಿ ಸಂಚಿ ಎನ್ನಿ. ಅಳತೆಗೆ ತಕ್ಕಂತೆ ನಮ್ಮಲ್ಲಿ ಪದಗಳು ಬೇಕಾದಷ್ಟಿವೆ: ಪುಟ್ಟಿ, ಕುಕ್ಕೆ, ಹೆಡಿಗೆ, ಮಂಕರಿ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ 15 ಕೆಜಿ ಕ್ರೇಟಿನ ಲೆಕ್ಕಕ್ಕೆ ಬಂದ ಮೇಲೆ ಇವುಗಳಿಗೆ ಕೆಲಸ ಕಡಿಮೆಯಾಗಿದೆ. ರಿಮೋಟು ಇಡುವ ಸಣ್ಣದಕ್ಕೆ ‘ಪುಟ್ಟಿ’, ಒಗೆಯುವ ಬಟ್ಟೆ ತುಂಬುವ ದೊಡ್ಡದಕ್ಕೆ ‘ಮಂಕರಿ’ ಎಂದು ಹಾಳೆಯಲ್ಲಿ ಬಳಸಬೇಕು ಎಂದಿದ್ದೇನೆ. ‘ಮಂಕರಿ ಎಂದರೆ ಗೊಬ್ಬರ ಹೊರುವುದಲ್ವಾ, ಬೆಡ್‌ರೂಮಿನಲ್ಲಿ ಇಡೋಕೆ ಹೇಗೋ ಅನ್ನಿಸುತ್ತೆ’ ಎಂದು ಕೆಲವರು ಮುಖ ಸಿಂಡರಿಸಿದರು. ನಾನು ಬಿಡುವುದಿಲ್ಲ.

ಉಳಿದಿರುವುದು ಬಾಯಿ. ಬುಟ್ಟಿಯ ಮೇಲಿನ ಅಂಚಿಗೆ ಕೊನೆಯ ಸುತ್ತು ಬಿಗಿಯಾಗಿ ಹಾಕಿ ಮುಗಿಸುತ್ತೇವೆ. ಕೊಡವಾದರೆ ಕಂಠ, ಸೀರೆಯಾದರೆ ಅಂಚು. ಬುಟ್ಟಿಗೆ ಏನು? ಬಿದಿರ ಬುಟ್ಟಿಯ ಮೇಲಂಚಿಗೆ ದಬ್ಬೆ ಸುತ್ತಿ ಬಿಗಿಯುತ್ತಾರಲ್ಲ, ಆ ಭಾಗಕ್ಕೂ ಆ ಕೆಲಸಕ್ಕೂ ಮೇದರ ಮನೆಗಳಲ್ಲಿ ಪದ ಇರಲೇಬೇಕು. 12ನೇ ಶತಮಾನದಲ್ಲೇ ಮೇದರ ಕೇತಯ್ಯನಂಥ ವಚನಕಾರ ಇದ್ದ ಕಸುಬು ಅದು. ಮುಳಬಾಗಿಲು, ಪಾವಗಡ, ಗೌರಿಬಿದನೂರು ಕಡೆ ತೆಲುಗು ಸೇರಿದ ಮಾತು ಇದ್ದರೂ ಪರವಾಗಿಲ್ಲ, ಹಾಗೇ ಬರೆಯಿರಿ. ಯಾವ ಊರು, ಯಾರ ಬಾಯಲ್ಲಿ ಕೇಳಿದ್ದು ಎಂದು ಜೊತೆಗೆ ಒಂದು ಸಾಲು ಸೇರಿಸಿದರೆ ಉಪಕಾರ. ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಕ್ಯಾತ್ಸಂದ್ರ, ತುಮಕೂರು