ಸಹಾಯ ಬೇಕು: ಫ್ರೀಜರ್ ಸರಿಯಿದೆ, ಫ್ರಿಜ್‌ನ ಕೆಳಗಿನ ಭಾಗ ಮಾತ್ರ ತಂಪಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಫ್ರಿಜ್ ರಿಪೇರಿ ಗೊತ್ತಿರುವವರು ದಯವಿಟ್ಟು ಹೇಳಿ. ನಮ್ಮದು ಫ್ರಾಸ್ಟ್ ಫ್ರೀ ಡಬಲ್ ಡೋರ್. ಮೇಲೆ ಐಸ್ ಚೆನ್ನಾಗಿಯೇ ಕಟ್ಟುತ್ತದೆ, ಕೆಳಗೆ ಮಾತ್ರ ತಂಪಿಲ್ಲ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯೆಲ್ಲ ಒಳಗಿಟ್ಟಿದ್ದೆ, ಬೆಳಗ್ಗೆ ನೋಡಿದರೆ 11 ಡಿಗ್ರಿ! 4ಕ್ಕಿಂತ ಜಾಸ್ತಿ ಇರಬಾರದು ಅಲ್ವಾ? ಮನೆಯಲ್ಲಿ ಚಿಕ್ಕ ಮಗು ಇದೆ, ಹಾಲು ಇಡಲೂ ಭಯ.

ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದೆ, ಸುತ್ತಲೂ ಬಿಗಿಯಾಗಿದೆ. ಗಾಳಿ ಬರುವ ಕಿಂಡಿಗೆ ಏನೂ ಅಡ್ಡ ಇಟ್ಟಿಲ್ಲ, ಗೋಡೆಯಿಂದಲೂ ದೂರ ಇದೆ.

ಆದರೆ ಫ್ರೀಜರ್‌ನ ಹಿಂಭಾಗದ ಪ್ಲಾಸ್ಟಿಕ್ ಹಲಗೆಯ ಮೇಲೆ ಬಿಳಿ ಮಂಜು ದಪ್ಪಗೆ ಕೂತಿದೆ, ಒಳಗಿನ ಫ್ಯಾನ್ ಐಸ್‌ಗೆ ತಾಗಿದ ಹಾಗೆ ಕರಕರ ಅನ್ನುತ್ತದೆ. ಪ್ಲಗ್ ಕಿತ್ತು ಬಾಗಿಲು ತೆಗೆದು ಒಂದು ದಿನ ಬಿಟ್ಟರೆ ಐಸ್ ಎಲ್ಲ ಕರಗಿ ಮತ್ತೆ ಚೆನ್ನಾಗಿ ಓಡುತ್ತದೆ, ಆಮೇಲೆ ಸ್ವಲ್ಪ ದಿನಕ್ಕೆ ಅದೇ ಕಥೆ.

ಬಂದ ಮೆಕ್ಯಾನಿಕ್ ಸುಮ್ನೆ ಒಂದು ಸಲ ನೋಡಿ ಗ್ಯಾಸ್ ತುಂಬಿಸಬೇಕು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಗ್ಯಾಸ್ ಕಡಿಮೆಯಾಗಿದ್ದರೆ ಐಸ್ ಕರಗಿಸಿದ ತಕ್ಷಣ ಹೇಗೆ ಸರಿಹೋಗುತ್ತದೆ? ಡಿಫ್ರಾಸ್ಟ್ ಹೀಟರ್ (ಒಳಗೆ ಕಟ್ಟುವ ಮಂಜನ್ನು ತಾನಾಗಿಯೇ ಕರಗಿಸುವ ಹೀಟರ್) ಅಥವಾ ಅದರ ಸೆನ್ಸರ್ ಹೋಗಿರಬೇಕು ಅಂತ ನನ್ನ ಅನುಮಾನ. ಎರಡರಲ್ಲಿ ಯಾವುದು ಅಂತ ಮಲ್ಟಿಮೀಟರ್‌ನಲ್ಲಿ ಹೇಗೆ ನೋಡುವುದು?

ಇನ್ನೊಂದು ವಿಷಯ, ಹಿಂದಿನ ಸ್ಟಿಕ್ಕರ್‌ನಲ್ಲಿ ಆರ್600ಎ ಅಂತಿದೆ. ಅದು ಫ್ರಿಜ್ ತಂಪು ಮಾಡುವ, ಬೆಂಕಿ ಹತ್ತಿಕೊಳ್ಳುವ ಗ್ಯಾಸ್, ಪೈಪ್ ತೂತಾದರೆ ಅಪಾಯ, ಹಾಗಾಗಿ ಚಾಕು ಹಾಕಿ ಐಸ್ ಕೆರೆಯುವ ಸಲಹೆ ಮಾತ್ರ ಬೇಡ. ಹಲಗೆ ಬಿಚ್ಚುವಾಗ ಪೈಪಿಗೆ ಪೆಟ್ಟಾಗದ ಹಾಗೆ ಮಾಡುವುದು ಹೇಗೆ, ಅಥವಾ ಇದನ್ನು ಮನೆಯಲ್ಲಿ ಮುಟ್ಟಲೇಬಾರದಾ? ಮಾಡಿ ಗೊತ್ತಿರುವವರು ತಿಳಿಸಿ.